ಎಂಕಪ್ಪ ಕೊಡದ ನುಡಿ

ಜನವರಿ 22, 2023. ಭಾನುವಾರ. ಮಕ್ತಲ್.

ಮತ್ತೆ ತಡ. ಹತ್ತಕ್ಕೆ ಬನ್ನಿ ಎಂದರೆ ಎಂಕಪ್ಪ ತಾತ ಬಂದದ್ದು ಹನ್ನೊಂದೂವರೆಗೆ. ಬಂದವರೇ ಕುರ್ಚಿ ಬೇಡ, ಚಾಪೆ ಹಾಸಿ ಎಂದರು. ಚಾಪೆ ಹಾಸಿದರೆ ಮೊಣಕಾಲು ನೋವು, ಕುರ್ಚಿ ತನ್ನಿ ಎಂದರು. ಆಮೇಲೆ ಚಾ. ಚಾ ಆದ ಮೇಲೆ ಎಲೆ ಅಡಿಕೆ. ಕೊನೆಗೆ ತಾವು ಬಾರಿಸುವ ದಪ್ಪಿನ, ಅದೇ ನಮ್ಮ ಹಲಗೆಯ, ಚರ್ಮ ಬಿಗಿಯಾಗಬೇಕು ಎಂದು ಅಂಗಳದ ಬಿಸಿಲಲ್ಲಿ ಅದನ್ನು ಹಿಡಿದುಕೊಂಡು ನಿಂತೇ ನಿಂತರು. ನನ್ನ ತಲೆ ಅದಕ್ಕಿಂತ ಮೊದಲೇ ಕಾದಿತ್ತು.

ಹುಡುಗರ ತಪ್ಪೇನೂ ಇಲ್ಲ, ಪಾಪ, ಕಾದರು. ಎಲ್ಲರೂ ಹಾಡುವವರು, ಬಾರಿಸುವವರು — ಮದುವೆ ಆರ್ಕೆಸ್ಟ್ರಾ, ಭಜನೆ, ಕಾಲೇಜ್ ಡೇ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಮೈಕ್ ಹಿಡಿದರೆ ತೆಲುಗು ಸಿನಿಮಾ. ಅಜ್ಜಿಯಂದಿರು ಹಾಡಿದ ಪದ ಒಂದೂ ಗೊತ್ತಿಲ್ಲ. ನನಗೂ ಗೊತ್ತಿಲ್ಲ, ಆ ಮಾತು ಬೇರೆ. ನಾನು ಹಾರ್ಮೋನಿಯಂ ಮೇಡಂ. ನಾರಾಯಣಪೇಟೆಯಲ್ಲಿ ಗಂಡನ ಸೀರೆ ಅಂಗಡಿಯ ಮಾಳಿಗೆಯಲ್ಲಿ ಕ್ಲಾಸು, ಪರೀಕ್ಷೆಗೆ ನಾಲ್ಕು ರಾಗ. ಈ ಕನ್ನಡ ಪದಗಳು ಎಂಕಪ್ಪನಂಥವರ ಜೊತೆ ಹೋಗಿಬಿಡುತ್ತವಲ್ಲ ಎಂಬ ಸಂಕಟಕ್ಕೆ ನಾನೇ ಕನ್ನಡ ಸಂಘದವರನ್ನು ಕಾಡಿ ಬೇಡಿ ಈ ವರ್ಕ್‌ಶಾಪ್ ಮಾಡಿಸಿದ್ದು. ಮೊದಲು ಮಕ್ತಲ್, ಆಮೇಲೆ ನಾರಾಯಣಪೇಟೆ. ಕೊನೆಗೆ ಗದ್ವಾಲದಲ್ಲಿ ಹುಡುಗರದೇ ಕಾರ್ಯಕ್ರಮ. ಯಾರು ಹೇಳಿದ್ದರು ನನಗೆ ಈ ಉಸಾಬರಿ!

ಸುರೇಂದರ್ ಎಲೆಕ್ಟ್ರಾನಿಕ್ ಪ್ಯಾಡ್ ತಂದಿದ್ದ. ಟುಪ್ ಟುಪ್ ಎನ್ನಿಸಿದ. ತಾತ ಒಂದು ಸಲ ನೋಡಿದರು.

"ಆ ಡಬ್ಬಿ ಬಂದ್ ಮಾಡಪ್ಪ. ಅದಕ ಉಸುರ ಇಲ್ಲ."

"ತಾತ, ಇದರಾಗ ದಪ್ಪಿನ ಸೌಂಡೂ ಐತ್ರಿ."

"ದಪ್ಪಿನಾಗ ಐತಲ್ಲ, ಸಾಕು."

ಹುಡುಗರೆಲ್ಲ ನಕ್ಕರು. ನಾನು ನಗಲಿಲ್ಲ. ಆದರೆ ತಾತ ಹಾಡಿದರು, ಅಷ್ಟನ್ನು ಒಪ್ಪಬೇಕು. ಕೃಷ್ಣಾ ಹೊಳೆ ತುಂಬಿ ಬಂದಿದೆ, ಮಗಳು ತವರಿಗೆ ಹೋಗಬೇಕು, ಹೊಳೆ ಸುಂಕ ಕೇಳುತ್ತದೆ. ನುಡಿಗೊಂದು ಸುಂಕ.

ಹೊಳಿಯವ್ವ ದಾರಿ ಬಿಡು, ತವರೀಗೆ ಹೋಗತೀನಿ
ಬಳಿಯ ತಗದಿಡು ಮಗಳ ದಡದ ಮ್ಯಾಲ

ದನಿ ಒಡೆದಿದೆ. ಶ್ರುತಿ ಎಲ್ಲಿಂದ ಎಲ್ಲಿಗೋ. ಆದರೂ ಎರಡನೇ ನುಡಿಗೆ ನನ್ನ ಪೆನ್ನು ನಿಂತಿತ್ತು.

ಜನವರಿ 23, ಸೋಮವಾರ

ಜಿಲ್ಲಾ ಕಚೇರಿಯೊಂದಕ್ಕೆ ಹೋಗಿದ್ದೆ, ಗದ್ವಾಲ ಕಾರ್ಯಕ್ರಮಕ್ಕೆ ಏನಾದರೂ ಸಹಾಯ ಕೇಳಲು. ಸಾಹೇಬರು ಅರ್ಜಿ ಓದಿದರು. "ಕನ್ನಡ ಪಾಟಲಾ? ರಾಯಚೂರು ವಾಳ್ಳನಿ ಅಡಗಂಡಿ ಮೇಡಂ" — ರಾಯಚೂರಿನವರನ್ನು ಕೇಳಬೇಕಂತೆ. ರಾಯಚೂರಿಗೆ ಫೋನ್ ಮಾಡಿದರೆ, ನೀವು ತೆಲಂಗಾಣದವರಲ್ಲ ಮೇಡಂ, ಅಲ್ಲೇ ಕೇಳಿ ಎಂದರು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಇಬ್ಬರನ್ನೂ ಎರಡು ಭಾಷೆಯಲ್ಲಿ ಬೈದುಕೊಂಡೆ. ಹೊರಗೆ ಕೇಳದ ಹಾಗೆ.

ಜನವರಿ 29, ಭಾನುವಾರ. ಮಕ್ತಲ್.

ಕಾವ್ಯ. ಈ ಹುಡುಗಿಯ ಬಗ್ಗೆ ಬರೆದಿಡಬೇಕು. ಮಕ್ತಲದವಳೇ, ಡಿಗ್ರಿ ಎರಡನೇ ವರ್ಷ, ಅಪ್ಪನದು ಕಾಳಿನ ವ್ಯಾಪಾರ. ಆರ್ಕೆಸ್ಟ್ರಾದಲ್ಲಿ ಸಿನಿಮಾ ಹಾಡು ಹಾಡುವಾಗ ಎಲ್ಲರ ಹಾಗೆ ಮೂಗಿನಲ್ಲಿ ಹಾಡುತ್ತಾಳೆ. ಹೊಳೆಯ ಪದ ಹಿಡಿದರೆ ದನಿಯೇ ಬೇರೆ. ಆರು ನುಡಿ ಬಾಯಿಪಾಠ. ಐದನೆಯದರಲ್ಲಿ ಹೊಳೆ ಮೂಗುತಿ ಕೇಳುತ್ತದಲ್ಲ, ಅಲ್ಲಿ ಒಂದು ಕಡೆ ಎಳೆದು ನಿಲ್ಲಿಸುತ್ತಾಳೆ. ತಾತ ಎಲೆ ಅಡಿಕೆ ಅಗಿಯುವುದನ್ನು ಬಿಟ್ಟು ನೋಡುತ್ತ ಕೂತರು. ಶಹಬ್ಬಾಸ್ ಎನ್ನಲಿಲ್ಲ.

"ಆಮ್ಯಾಲ ಏನಾತ್ರಿ ತಾತ? ದಾಟಿದಳೇನು?" ಎಂದಳು ಕಾವ್ಯ.

"ಅದು ಏಳನೇ ನುಡ್ಯಾಗ ಬರತೈತಿ."

"ಹಾಡ್ರಿ ಮತ್ತ."

"ಇವತ್ತು ಬ್ಯಾಡ."

ಯಾಕೆಂದು ನಾನು ಕೇಳಿದೆ. ಕೊನೆಯ ನುಡಿಯಲ್ಲಿ ಅಂಕಿತ ಇದೆಯಂತೆ, ಪದ ಕಟ್ಟಿದ ಗುರುವಿನ ಹೆಸರು. ಇವರ ಗುರು ನಾರ್ವದ ಶರಣಯ್ಯ, ತೀರಿಕೊಂಡು ಎಷ್ಟೋ ಕಾಲವಾಯಿತು. ಅಂಕಿತವಿಲ್ಲದೆ ಪದವನ್ನು ನಾಲ್ಕು ಜನರ ಮುಂದೆ ಹಾಡುವಂತಿಲ್ಲ. ಹಾಡಿದರೆ ಹಳ್ಳಿಯಲ್ಲಿ ಜನ "ಇದು ಯಾರ ಮನೀ ಪದಾ?" ಎಂದು ಕೂಗಿ ಕೇಳುತ್ತಾರೆ. ಹಾಡಿದವನು ತಲೆ ತಗ್ಗಿಸಬೇಕು.

ಸುರೇಂದರ್ ಸುಲಭದ ದಾರಿ ಹೇಳಿದ. "ನಿಮ್ಮ ಹೆಸರ ಹಾಕಿ ಮುಗಿಸ್ತೀವಿ ತಾತ."

"ನನ್ನ ಹೆಸರ ಹಾಕಬ್ಯಾಡ್ರಿ. ನಾ ಕಟ್ಟಿದ್ದಲ್ಲ."

ಹಾಗಾದರೆ ಕಲಿಸಿಬಿಡಿ ಎಂದೆ. ಬಸ್ಸಿಗೆ ಹೊತ್ತಾಯಿತು ಎಂದು ಎದ್ದರು. ಬಸ್ಸು ಇದ್ದದ್ದು ಒಂದು ಗಂಟೆ ಬಿಟ್ಟು.

ಫೆಬ್ರವರಿ 5, ಭಾನುವಾರ

ಇವತ್ತೂ ಇಲ್ಲ. ಗಂಟಲು ಕಟ್ಟಿದೆಯಂತೆ. ಕಟ್ಟಿದ ಗಂಟಲಲ್ಲೇ ಇನ್ನೆರಡು ಬೇರೆ ಪದ ಹೇಳಿದರು, ಒಂದು ಗಂಟೆ ಹಳೆಯ ಕಥೆ ಹೊಡೆದರು. ಬೇರೆ ಪದಗಳಿಗೆ ಅಂಕಿತ ಕೊಟ್ಟರು, ಧಾರಾಳವಾಗಿ. ಹೊಳೆಯ ಪದಕ್ಕೆ ಮಾತ್ರ ಇಲ್ಲ. ಹುಡುಗರಿಗೆ ಬೇಕಾದದ್ದು ಅದೊಂದೇ.

ನಾನು ಹೊರಗೆ ಕರೆದು ಕೇಳಿದೆ. "ತಾತ, ಏನು ಬೇಕು ಹೇಳ್ರಿ. ಕಾಣಿಕಿ? ಶಾಲು? ಗುರುಪೂಜಿ ಮಾಡಸ್ಲೇನು?"

"ನನಗೇನು ಬ್ಯಾಡ್ರಿ ಟೀಚರಮ್ಮ."

"ಮತ್ತ ಯಾಕ ಹೇಳವಲ್ರಿ?"

"ಹೇಳತೀನಲ್ಲ. ಅವಸರ ಯಾಕ?"

ಎಪ್ಪತ್ತು ದಾಟಿದೆ, ಕೆಮ್ಮು ಬೇರೆ. ಅವಸರ ಯಾಕಂತೆ. ಇಂಥವರಿಂದಲೇ ಪದಗಳು ಸಾಯುವುದು, ಸಿನಿಮಾದಿಂದಲ್ಲ.

ಫೆಬ್ರವರಿ 12, ಭಾನುವಾರ. ನಾರಾಯಣಪೇಟೆ.

ಇಲ್ಲಿಯ ವರ್ಕ್‌ಶಾಪ್ ನಮ್ಮ ಮಾಳಿಗೆಯಲ್ಲೇ. ಮಕ್ತಲದ ಹುಡುಗರೂ ಬಸ್ಸು ಹತ್ತಿ ಬಂದರು. ಕೆಳಗೆ ಅಂಗಡಿಯಲ್ಲಿ ಮದುವೆ ಜವಳಿ ಜನ. ಮೇಲಿಂದ ದಪ್ಪು. ನಮ್ಮ ಮನೆಯವರು ಮೆಟ್ಟಿಲ ಅರ್ಧಕ್ಕೆ ಬಂದು ಕೂಗಿದರು. "ವಿಜಯಾ, ಗಿರಾಕಿ ಸೀರಿ ನೋಡೂದು ಬಿಟ್ಟು ಮ್ಯಾಲ ನೋಡಾಕ ಹತ್ಯಾರ. ಸ್ವಲ್ಪ ಸಣ್ಣಗ ಬಾರಸ್ರಿ."

ದಪ್ಪನ್ನು ಸಣ್ಣಗೆ ಬಾರಿಸುವುದು ಹೇಗೆ ಎಂದು ತಾತ ನನ್ನನ್ನು ಕೇಳಿದರು. ಎದ್ದು ಮಾಳಿಗೆಯ ಬಾಗಿಲು ಹಾಕಿದೆ.

ಏಳನೇ ನುಡಿ? ಇಲ್ಲ. ಶಿವರಾತ್ರಿ ಆಗಲಿ ಎಂದರು.

ಫೆಬ್ರವರಿ 19, ಭಾನುವಾರ

ಶಿವರಾತ್ರಿ ಆಯಿತು. ನಾರ್ವದ ಕಡೆ ಒಂದು ಹಳ್ಳಿಯಲ್ಲಿ ಜಾಗರಣೆಗೆ ತಾತ ಹಾಡುತ್ತಾರೆಂದು ತಿಳಿದು ಕಾವ್ಯ ಅಪ್ಪನನ್ನು ಹೊರಡಿಸಿಕೊಂಡು ಹೋಗಿದ್ದಳಂತೆ. ಇವತ್ತು ಬಂದು ಹೇಳಿದಳು. ಹೊಳೆಯ ಪದ ಹಿಡಿದರು, ಆರನೇ ನುಡಿಯವರೆಗೆ ಬಂದರು, ಜನದ ನಡುವೆ ಇವಳ ಮುಖ ಕಂಡಿತು. ಅಲ್ಲಿಗೇ ದಪ್ಪು ಇಳಿಸಿ ನೀರು ಕೇಳಿದರಂತೆ. ಆಮೇಲೆ ಬೇರೆ ಪದ.

ನನಗೆ ಸಿಟ್ಟು ನೆತ್ತಿಗೇರಿತು. ಕಾವ್ಯನಿಗೆ ನಗು. "ನನ್ನ ನೋಡಿ ಹೆದರಿದ್ರು ಮೇಡಂ."

ನಗುವ ವಿಷಯವೇ ಇದು? ಹುಡುಗಿಯೊಬ್ಬಳು ರಾತ್ರಿಯೆಲ್ಲ ನಿದ್ದೆಗೆಟ್ಟು ಕೇಳಲು ಹೋದರೆ ಆಕೆಯ ಎದುರಿಗೆ ಬಾಯಿ ಮುಚ್ಚುವುದೆ? ಸಂಘಕ್ಕೆ ಹೇಳಿ ಬೇರೆ ಹಾಡುಗಾರರನ್ನು ಕರೆಸಲೇ ಎಂದೂ ಯೋಚಿಸಿದೆ. ಆದರೆ ಈ ಪದ ಬೇರೆ ಯಾರ ಹತ್ತಿರವೂ ಇಲ್ಲ. ಅದು ಅವರಿಗೂ ಗೊತ್ತು.

ಫೆಬ್ರವರಿ 27, ಸೋಮವಾರ

ಗದ್ವಾಲ ಮಾರ್ಚ್ 5ಕ್ಕೆ ಖಚಿತ. ಸಂಘದ ಕಾರ್ಯದರ್ಶಿ ಕಾಂತೇಶ ಫ್ಲೆಕ್ಸ್ ತೋರಿಸಿದರು. ಅವರ ಫೋಟೋ ದೊಡ್ಡದು, ನನ್ನದು ಸಣ್ಣದು, ಎಂಕಪ್ಪನದು ಇಲ್ಲವೇ ಇಲ್ಲ. ಜಗಳ ಮಾಡಿ ಹಾಕಿಸಿದೆ. ನನ್ನನ್ನು ಅಷ್ಟು ಸತಾಯಿಸಿದವರ ಪರವಾಗಿ ನಾನೇ ಜಗಳ ಆಡಬೇಕು, ಇದು ನನ್ನ ಹಣೆಬರಹ.

ಹೊಳೆಯ ಪದ ಬಿಟ್ಟುಬಿಡೋಣ ಎಂದೆ ಹುಡುಗರಿಗೆ. ಒಪ್ಪಲಿಲ್ಲ. "ಕೊನೀ ನುಡಿ ನಾವು ನೋಡ್ಕೋತೀವಿ ಮೇಡಂ" ಎಂದಳು ಕಾವ್ಯ. ಹೇಗೆ ಎಂದು ಕೇಳಲಿಲ್ಲ. ಹಾಲ್, ಮೈಕು, ಊಟ, ಕುರ್ಚಿ... ಕೇಳಲು ಪುರಸೊತ್ತು ಎಲ್ಲಿತ್ತು?

ಮಾರ್ಚ್ 5, ಭಾನುವಾರ. ಗದ್ವಾಲದಿಂದ ಬಂದು, ಸಂಜೆ.

ಬರೆದು ಮುಗಿಸಿಬಿಡುತ್ತೇನೆ.

ಕೋಟೆಯ ಹತ್ತಿರದ ಫಂಕ್ಷನ್ ಹಾಲ್. ಬೆಳಗಿನ ಕಾರ್ಯಕ್ರಮ. ಜನ ಬಂದರು, ನಿಜಕ್ಕೂ ಬಂದರು. ಕನ್ನಡ ಬರದವರೂ ಕೂತು ಕೇಳಿದರು. ತಾತನಿಗೆ ಮುಂದಿನ ಸಾಲು, ಶಾಲು ಹೊದಿಸಿ ಸನ್ಮಾನ. ಗರಿಗರಿ ಧೋತರ ಉಟ್ಟು ಬಂದಿದ್ದರು. ಕೊನೆಗೆ ಹೊಳೆಯ ಪದ. ಸುರೇಂದರ್ ಪ್ಯಾಡ್ ಬಿಟ್ಟು ತಾತನ ದಪ್ಪು ಹಿಡಿದಿದ್ದ. ಕಾವ್ಯ ಹಾಡಿದಳು. ಆರನೇ ನುಡಿಗೆ ಹಾಲಿನಲ್ಲಿ ಫ್ಯಾನಿನ ಸದ್ದು ಕೇಳುತ್ತಿತ್ತು. ಆಮೇಲೆ ಏಳನೆಯದು. ಹುಡುಗರೇ ಕಟ್ಟಿದ್ದು.

ಪೇಟಿ ಊರಿನ ಗುರುವು ವಿಜಯಶ್ರೀ ತಾಯಿ ದಯದಿ
ದಾಟಿ ಬಂದಾಳ ಮಗಳು ತವರಿನ ಮನಿಗೆ

ನನ್ನ ಹೆಸರು. ಮೈಕಿನಲ್ಲಿ. ಎಳೆದು, ಎರಡು ಸಲ.

ಚಪ್ಪಾಳೆ ಬಿತ್ತು. ನನಗೆ ಖುಷಿಯಾಯಿತು. ಇಲ್ಲಿ ಯಾರು ಓದುತ್ತಾರೆ, ಸುಳ್ಳು ಯಾಕೆ ಬರೆಯಲಿ? ಕಿವಿ ಬೆಚ್ಚಗಾಯಿತು, ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷ ಹಾರ್ಮೋನಿಯಂ ಕಲಿಸಿದ್ದೇನೆ, ಒಬ್ಬರೂ ನನ್ನ ಹೆಸರನ್ನು ಹಾಗೆ ಹಾಡಿರಲಿಲ್ಲ. ಆಮೇಲೆ ಮುಂದಿನ ಸಾಲು ನೋಡಿದೆ. ತಾತ ಎದ್ದು ನಿಂತಿದ್ದರು. ಶಾಲು ತೆಗೆದು ಮಡಚಿ ಕುರ್ಚಿಯ ಮೇಲಿಟ್ಟರು. ಸುರೇಂದರನ ಕೈಯಿಂದ ತಮ್ಮ ದಪ್ಪು ಇಸಿದುಕೊಂಡು ನಡೆದರು. ನಾನು ಗೇಟಿನ ತನಕ ಓಡಿದೆ.

"ತಾತ, ಹುಡುಗ್ರು ತಿಳೀಲಾರದ ಮಾಡ್ಯಾರ..."

"ಹೆಸರ ಬಿತ್ತ್ರಿ ಟೀಚರಮ್ಮ. ನಾಕ ಮಂದಿ ಕೇಳ್ಯಾರ. ಬಿದ್ದ ಹೆಸರ ಬಿತ್ತು."

ಆಟೊ ಹತ್ತಿ ಹೋದರು. ಊಟ ಕೂಡ ಮಾಡಲಿಲ್ಲ.

ಮಾರ್ಚ್ 6, ಸೋಮವಾರ

ಕಾವ್ಯನಿಗೆ ಫೋನಿನಲ್ಲಿ ಬೈದೆ. ಅತ್ತಳು. ಅವಳ ಲೆಕ್ಕ ನೋಡಿದರೆ ತಪ್ಪು ಹುಡುಕುವುದೂ ಕಷ್ಟ. ಕೊನೆಯ ನುಡಿಯಲ್ಲಿ ಗುರುವಿನ ಹೆಸರು ಇರಲೇಬೇಕು ಎಂದು ಕಲಿಸಿದ್ದು ತಾತನೇ. ತಮ್ಮ ಹೆಸರು ಬೇಡ ಎಂದದ್ದೂ ಅವರೇ. ಶರಣಯ್ಯನ ನುಡಿ ಹೇಳಿಕೊಡಲಿಲ್ಲ. "ಮತ್ತ ನಮಗ ಗುರು ಅಂತ ಉಳಿದವರು ನೀವ ಅಲ್ಲೇನ್ರಿ ಮೇಡಂ? ಹೆಸರಿಲ್ಲದ ಹಾಡಿದ್ರ ತಪ್ಪಾಗತೈತಿ ಅಂತ ಹಾಕಿದಿವಿ."

ಪದ್ಧತಿ ಮುರಿಯಬಾರದೆಂದೇ ಮಾಡಿದ್ದಾರೆ! ಯಾರನ್ನು ಬೈಯಲಿ?

ತಾತ ಫೋನ್ ಎತ್ತುತ್ತಿಲ್ಲ. ಕಾಂತೇಶ ಮಾತ್ರ ಎರಡು ಸಲ ಫೋನ್ ಮಾಡಿದರು. ಕಾರ್ಯಕ್ರಮ ಸೂಪರ್ ಅಂತೆ.

ಮಾರ್ಚ್ 17, ಶುಕ್ರವಾರ

ಹನ್ನೊಂದು ದಿನ ಏನೂ ಬರೆದಿಲ್ಲ. ಬರೆಯಲು ಇದ್ದದ್ದು ಬರೀ ಬೈಗುಳ. ಇವತ್ತು ತಾತನ ಊರಿಗೆ, ನಾರ್ವದ ಬಸ್ಸು ಹತ್ತಿದೆ.

ತಾತ ಬೇವಿನ ಕೆಳಗೆ ಹೊರಸಿನ ಮೇಲೆ. ದಪ್ಪು ಗೋಡೆಯ ಗೂಟಕ್ಕೆ, ಬಟ್ಟೆ ಸುತ್ತಿ. ಅವರ ಹೆಂಡತಿ ತಿರುಪತಮ್ಮ ಮಜ್ಜಿಗೆ ತಂದರು. "ಅವತ್ತಿಂದ ಬಾಯಿ ಬಿಟ್ಟಿಲ್ಲಮ್ಮ. ಮನ್ಯಾಗ ಹೆಣ ಇದ್ದಂಗಾಗೈತಿ. ನೀವರ ಹೇಳ್ರಿ" ಎಂದು ಒಳಗೆ ಹೋದರು.

ತಪ್ಪಾಯಿತು ಎಂದೆ. ಹುಡುಗರ ತಪ್ಪಲ್ಲ, ನಾನು ಕೇಳಿ ನೋಡಬೇಕಿತ್ತು ಎಂದೆ. ಕೇಳಿಸಿಕೊಂಡರು.

"ಆ ಪದಾ ಈಗ ನಿಮ್ದು. ನಾ ಹಾಡಂಗಿಲ್ಲ."

"ನನಗ ಬ್ಯಾಡ ತಾತ. ವಾಪಸ್ ತಗೋರಿ."

"ಹಂಗಾದ್ರ ಹಾಡಿ ಕೊಡ್ರಿ. ಬಾಯಿಂದ ಹೋಗಿದ್ದು ಬಾಯಿಂದನ ಬರಬೇಕು."

"ಕಾವ್ಯನ್ನ ಕರಕೊಂಡು ಬರ್ತೀನಿ, ಆಕಿ ಹಾಡತಾಳ."

"ಹೆಸರ ಬಿದ್ದಿದ್ದು ಆಕೀದಲ್ಲ."

"ನನಗ ಈ ಪದಾ ಬರಂಗಿಲ್ರಿ."

ತಾತ ಎದ್ದು ಕೂತರು. ಅವತ್ತಿನಿಂದ ಮೊದಲ ಸಲ ಮುಖ ನೋಡಿದರು. "ಕಲಸ್ರಿ ಅಂತ ಕರದ್ರಿ, ಎಲ್ಲಾ ಭಾನುವಾರ ಕುಂತ್ರಿ, ಒಂದ ನುಡಿ ಬರಂಗಿಲ್ಲ?"

"ನಾನು ಕುರ್ಚಿ, ಚಾ ನೋಡಬೇಕಿತ್ತಲ್ರಿ! ನಿಮ್ಮ ಚಾಪಿ, ನಿಮ್ಮ ಎಲಿ ಅಡಿಕಿ ನೋಡಬೇಕಿತ್ತು! ಒಂದು ದಿನ ಟೈಮಿಗೆ ಬಂದೀರೇನು ನೀವು?"

ಜೋರಾಗಿಯೇ ಕೂಗಿದೆ. ಕಟ್ಟೆಯ ಮೇಲೆ ಕೂತವರು ತಿರುಗಿ ನೋಡಿದರು. ಸಿಟ್ಟಿನಲ್ಲಿ ಮಜ್ಜಿಗೆಯ ಲೋಟ ಬಿಟ್ಟು ಎದ್ದೆ. ತಾತ ನಕ್ಕರೋ, ಕೆಮ್ಮಿದರೋ ತಿಳಿಯಲಿಲ್ಲ. ಬಸ್ಸಿನಲ್ಲಿ ಬರುವಾಗ ನಿರ್ಧಾರ ಮಾಡಿದೆ. ಹಾಡಿಯೇ ಕೊಡುತ್ತೇನೆ. ಆಮೇಲೆ ಈ ಮನುಷ್ಯನ ಸಹವಾಸ ಬೇಡ.

ಮಾರ್ಚ್ 20, ಸೋಮವಾರ

ಕಾವ್ಯ ನನಗೆ ಪಾಠ ಹೇಳುತ್ತಿದ್ದಾಳೆ. ಕಾಲೇಜು ಮುಗಿಸಿ ಮಕ್ತಲದಿಂದ ಬರುತ್ತಾಳೆ. ಹಾರ್ಮೋನಿಯಂ ಮುಚ್ಚಿಸಿದಳು.

"ಮೇಡಂ, ರಾಗಾ ಮಾಡಬ್ಯಾಡ್ರಿ. ಕರೀರಿ. ಹೊಳಿ ಆ ಕಡಿ ಇರೋರನ್ನ ಕರದಂಗ."

ಕರೆದೆ. ಕೆಳಗಿನಿಂದ ಇವರು ಓಡಿ ಬಂದರು, ಏನಾಯಿತು, ಬಿದ್ದೆಯಾ ಎಂದು. ಕಾವ್ಯ ಬಾಯಿಗೆ ದುಪಟ್ಟಾ ಒತ್ತಿಕೊಂಡಳು. ನಲವತ್ತನಾಲ್ಕರ ವಯಸ್ಸಿಗೆ ಇದು ಬೇಕಿತ್ತೇ ನನಗೆ.

ಮಾರ್ಚ್ 24, ಶುಕ್ರವಾರ

ಯುಗಾದಿ ಮುಗಿಯಿತು. ಹೋಳಿಗೆ ಮಾಡುತ್ತ ಮೂರನೇ ನುಡಿ ಬಂತು. ಅದಾಗಿಯೇ ಬಂತು, ಕಣಕ ನಾದುವಾಗ. ಕಾವ್ಯನಿಗೆ ಹಾಡಿ ತೋರಿಸಿದೆ. "ಈಗ ಸ್ವಲ್ಪ ಪದಾ ಆಗೈತ್ರಿ" ಎಂದಳು. ನಾನು ನನ್ನ ವಿದ್ಯಾರ್ಥಿಗಳನ್ನು ಹೀಗೇ ಜಿಪುಣತನದಲ್ಲಿ ಹೊಗಳುತ್ತೇನೆ. ನನ್ನಿಂದಲೇ ಕಲಿತಿದ್ದಾಳೆ.

ಏಪ್ರಿಲ್ 2, ಭಾನುವಾರ

ಹೋಗಿ ಬಂದೆವು, ಕಾವ್ಯ ಮತ್ತು ನಾನು.

ಬೇವಿನ ಕೆಳಗೆ ಚಾಪೆ ಹಾಸಿದ್ದರು. ಕುರ್ಚಿ ಕೇಳಲಿಲ್ಲ ಯಾರೂ. ನಾನು ಹಾಡಿದೆ. ಮೊದಲ ನುಡಿಯಲ್ಲೇ ಶ್ರುತಿ ತಪ್ಪಿತು. ಮೂರನೆಯದರಲ್ಲಿ ಒಂದು ಸಾಲು ಮರೆತು ಹಿಂದೆ ಹೋದೆ. ಐದನೆಯದರಲ್ಲಿ ಕಾವ್ಯ ಎಳೆಯುವ ಹಾಗೆ ಎಳೆಯಲು ಹೋಗಿ ದನಿ ಸೀಳಿತು. ತಾತ ಕಣ್ಣು ಮುಚ್ಚಿ ಕೂತಿದ್ದರು, ತಿದ್ದಲಿಲ್ಲ. ಆರನೇ ನುಡಿ ಮುಗಿಯಿತು. ನಿಲ್ಲಿಸಿದೆ.

"ತಗೊಂಡೆ" ಎಂದರು.

ಮುಗಿಯಿತು ಎಂದು ಎದ್ದೆ. ಕೂತ್ಕೊಳ್ಳಿ ಎಂದು ಕೈ ಮಾಡಿದರು. ಕಾವ್ಯನನ್ನು ನೋಡಿ, "ತಂಗೀ, ಒಳಗ ನಮ್ಮಾಕಿ ರೊಟ್ಟಿ ಬಡ್ಯಾಕ ಹತ್ಯಾಳ. ಹೋಗಿ ಕೈ ಹಚ್ಚು" ಎಂದರು. ಕಾವ್ಯ ನನ್ನ ಮುಖ ನೋಡುತ್ತ ಒಳಗೆ ಹೋದಳು.

ತಾತ ಹತ್ತಿರ ಸರಿದರು. ಒಂದು ಕೈ ಕಿವಿಗೆ ಇಟ್ಟುಕೊಂಡು, ಬರೀ ನನಗೆ ಕೇಳುವಷ್ಟು ದನಿಯಲ್ಲಿ, ಏಳನೇ ನುಡಿ ಹಾಡಿದರು. ನಾನು ಕೇಳಿರಲಿಲ್ಲ. ಬೇಡಿರಲಿಲ್ಲ. ನನ್ನ ಬಾಯಿಂದ ಅನ್ನಿಸಿದರು, ಸರಿಯಾಗುವ ತನಕ. ಹೊಳೆ ಕೊನೆಗೆ ಏನು ಕೇಳುತ್ತದೆ, ಅವಳು ಏನು ಕೊಡುತ್ತಾಳೆ, ಶರಣಯ್ಯನ ಹೆಸರು ಎಲ್ಲಿ ಬರುತ್ತದೆ — ಎಲ್ಲ.

"ಆತು. ನನ್ನ ಬಾಯಿಂದ ಹೋತು" ಎಂದರು.

"ಹಂಗಂದ್ರ?"

"ನಮ್ಮ ಮನೀ ಪದ್ಧತಿ. ಈ ಅಂಕಿತ ಒಂದ ಬಾಯ್ಯಾಗ ಇರತೈತಿ. ಕೊಟ್ಟವರು ಮತ್ತ ಹಾಡಂಗಿಲ್ಲ. ಶರಣಯ್ಯ ನನಗ ಕೊಟ್ಟ ದಿನ ಈ ಪದಾ ಹಾಡೂದು ಬಿಟ್ಟ. ನಾ ಇವತ್ತ ಬಿಟ್ಟೆ."

ಆಗ ತಿಳಿಯಿತು ನನಗೆ. ಗಂಟಲು ನೋವು, ಬಸ್ಸಿನ ಹೊತ್ತು, ಶಿವರಾತ್ರಿ... ಅಷ್ಟೂ ನೆಪದ ಹಿಂದೆ ಇದ್ದದ್ದು ಇದು. ಇಷ್ಟು ದಿನ ಬಾಯಿಗೆ ಬಂದಂತೆ ಬೈದದ್ದಕ್ಕೆ ನಾಚಿಕೆಯಾಯಿತು. ಆದರೆ ಸಿಟ್ಟೂ ಬಂತು, ಒಂದು ಮಾತು ಮೊದಲೇ ಹೇಳಬಾರದಿತ್ತೇ?

"ನನಗ ಯಾಕ ತಾತ? ಕಾವ್ಯನಿಗೆ ಕೊಡಬೇಕಿತ್ತಲ್ರಿ. ಆಕಿಗಾಗಿನೇ ಇಷ್ಟೆಲ್ಲ ಮಾಡಿದ್ದು!"

ತಾತ ಚಾಪೆಯ ಮೇಲೆ ಬಿದ್ದ ಬೇವಿನ ಎಲೆಯೊಂದನ್ನು ತೆಗೆದು ಆಚೆ ಹಾಕಿದರು.

"ಆಕಿ ನನಗಿಂತ ಚಂದ ಹಾಡತಾಳ್ರಿ. ಆರ ನುಡ್ಯಾಗ ನನ್ನ ಮುಗಿಸಿ ಕುಂತಾಳ. ಏಳನೇದೂ ಆಕಿ ಬಾಯ್ಯಾಗ ಕೇಳಾಕ ನನಗ ಆಗಂಗಿಲ್ಲ. ನೀವು ಹಾಡಿದ್ರ ನನಗೇನೂ ಅನಸಂಗಿಲ್ಲ."

ನಾನು ಕೆಟ್ಟದಾಗಿ ಹಾಡುತ್ತೇನೆ, ಆದ್ದರಿಂದ ಯೋಗ್ಯಳು. ನನ್ನನ್ನು ಬೀರು ಮಾಡಿಕೊಂಡರು, ಒಳಗಿಟ್ಟು ಬೀಗ ಹಾಕಿದರು.

"ಯಾವಾಗ ಕೊಡಬೇಕು, ಯಾರಿಗೆ ಕೊಡಬೇಕು, ನೀವು ನೋಡ್ಕೋರಿ. ಅದು ಇನ್ನ ನಂದಲ್ಲ" ಎಂದು ಎದ್ದು ಒಳಗೆ ಹೋದರು, ರೊಟ್ಟಿಗೆ.

ಏಪ್ರಿಲ್ 3, ಸೋಮವಾರ

ನಿನ್ನೆ ಬಸ್ಸಿನಲ್ಲಿ ಮಕ್ತಲ್ ಬರುವ ತನಕ ಕಾವ್ಯ ಕೇಳಿದಳು. ತಾತ ಏನು ಹೇಳಿದರು ಎಂದು. ಪದ್ಧತಿ ಹೇಳಿದೆ. ಒಂದೇ ಬಾಯಿ ಎಂದದ್ದು ಹೇಳಿದೆ. ನನ್ನ ಹತ್ತಿರ ಇದೆ ಎಂದೂ ಹೇಳಿದೆ. ನಿನಗೆ ಯಾಕೆ ಕೊಡಲಿಲ್ಲ ಎಂಬುದನ್ನು ಮಾತ್ರ ಹೇಳಲಿಲ್ಲ.

"ಹಂಗಾದ್ರ ನೀವು ಕೊಡ್ರಿ ಮೇಡಂ."

ನಾಳೆ ಕೊಡುತ್ತೇನೆ ಎಂದೆ. ಈಗ ನಾಳೆ ಆಗಿದೆ. ತಲೆನೋವು ಎಂದು ಮೆಸೇಜ್ ಹಾಕಿದೆ. ತಲೆನೋವು ಇಲ್ಲ.

ಏಪ್ರಿಲ್ 6, ಗುರುವಾರ

ಮಧ್ಯಾಹ್ನ ಅಂಗಡಿ ಖಾಲಿ ಇರುವ ಹೊತ್ತು. ಕಿಟಕಿ ಮುಚ್ಚಿ ಹಾಡಿದೆ. ಒಂದರಿಂದ ಏಳು. ಕೊನೆಗೆ ಹೆಸರು ಬಂದಾಗ ಪದ ಒಂದು ಕಡೆ ಬಂದು ಕೂತುಕೊಳ್ಳುತ್ತದೆ. ಅದನ್ನು ಹೇಗೆ ಬರೆಯಲಿ. ನಾಲ್ಕು ರಾಗ ಎಲ್ಲರ ಹತ್ತಿರವೂ ಇವೆ, ಪುಸ್ತಕದಲ್ಲಿವೆ, ಫೋನಿನಲ್ಲಿವೆ. ಇದು ನನ್ನ ಹತ್ತಿರ ಮಾತ್ರ ಇದೆ. ಇಡೀ ಜಿಲ್ಲೆಯಲ್ಲಿ, ಹೊಳೆಯ ಆಚೆ ಈಚೆ, ನನ್ನೊಬ್ಬಳ ಹತ್ತಿರ.

ಇವರು ಚಾ ತಂದುಕೊಟ್ಟರು. "ಈಗ ಅತ್ತಂಗ ಕೇಳಂಗಿಲ್ಲ" ಎಂದರು. ಅವರ ಬಾಯಿಂದ ಅದು ದೊಡ್ಡ ಹೊಗಳಿಕೆ.

ಏಪ್ರಿಲ್ 8, ಶನಿವಾರ

ಮೂರನೇ ಸಲ ತಪ್ಪಿಸಿದೆ. ಮನೆಗೆ ನೆಂಟರು ಬಂದಿದ್ದಾರೆ ಎಂದೆ. ಕಾವ್ಯನಿಗೆ ಮಹಬೂಬ್‌ನಗರದ ಕಾಲೇಜೊಂದರಲ್ಲಿ ಮಂಗಳವಾರ ಹಾಡಲು ಕರೆ ಬಂದಿದೆ. ಗದ್ವಾಲದಲ್ಲಿ ಕೇಳಿದವರೇ ಕರೆದಿದ್ದಾರೆ, ಹೊಳೆಯ ಪದವೇ ಬೇಕಂತೆ. "ಕೊನೀ ನುಡಿ ಇಲ್ಲದ ಹಾಡಂಗಿಲ್ರಿ. ಇನ್ನೊಮ್ಮಿ ತಪ್ಪು ಮಾಡಂಗಿಲ್ಲ. ನೀವು ಕೊಡಲಿಲ್ಲಂದ್ರ ಬರಂಗಿಲ್ಲ ಅಂತ ಹೇಳಿಬಿಡ್ತೀನಿ" ಎಂದಳು. ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು, ಜಗಳ ಆಡಬಹುದಿತ್ತು.

ಕೊಡಬಾರದೆಂದಲ್ಲ. ಕೊಡಲು ಮನಸ್ಸಾಗುತ್ತಿಲ್ಲ. ಮುದುಕನನ್ನು ಎಷ್ಟು ಸಲ ಬೈದು ಬರೆದಿದ್ದೇನೆ ಈ ಪುಟಗಳಲ್ಲಿ? ಅವರು ಅರವತ್ತು ವರ್ಷ ಹಾಡಿದ್ದನ್ನು ಬಿಡಲಾರದೆ ಒದ್ದಾಡಿದರು. ನನಗೆ ಒಂದು ವಾರವೂ ಆಗಿಲ್ಲ!

ಏಪ್ರಿಲ್ 9, ಭಾನುವಾರ. ಬೆಳಿಗ್ಗೆ.

ನಾನೇ ಫೋನ್ ಮಾಡಿದೆ. ಬಾ ಎಂದೆ. ಮೊದಲ ಬಸ್ಸಿಗೇ ಹೊರಟಿದ್ದಾಳೆ.

ಬೆಳಗಿನಿಂದ ಹಾಡಿಕೊಳ್ಳುತ್ತಲೇ ಇದ್ದೇನೆ. ರೊಟ್ಟಿ ಸುಡುತ್ತ, ಬಟ್ಟೆ ಒಣಹಾಕುತ್ತ. ಇವರು ಕೇಳಿದರು, ಇವತ್ತೇನು ಬಹಳ ಹುರುಪು ಎಂದು. ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದೆ. ಅವಳು ಚೆನ್ನಾಗಿ ಹಾಡುತ್ತಾಳೆ. ತಾತನಿಗಿಂತ, ನನಗಿಂತ. ಅವಳ ಬಾಯಲ್ಲಿ ಈ ನುಡಿ ಹೇಗೆ ಕೇಳಿಸುತ್ತದೆ ಎಂದು ನನಗೆ ಈಗಲೇ ಗೊತ್ತು. ನಾನು ಕೇಳಬೇಕು ಅದನ್ನು, ಮುಂದಿನ ಸಾಲಿನಲ್ಲಿ ಕೂತು, ಎದ್ದು ಹೋಗದೆ. ಅಷ್ಟಾದರೂ ನನ್ನಿಂದ ಆಗಬೇಕು.

ಕೆಳಗೆ ಇವರ ದನಿ. ಬಾಮ್ಮ ಕಾವ್ಯ, ಮ್ಯಾಲ ಅದಾಳ ಎನ್ನುತ್ತಿದ್ದಾರೆ. ಮೆಟ್ಟಿಲು ಹತ್ತುತ್ತಿದ್ದಾಳೆ.

ಇನ್ನೊಂದು ಸಲ ಹಾಡಿಕೊಂಡೆ, ಮೆಲ್ಲಗೆ. ಇದೇ ಕೊನೆ. ಬಾಗಿಲು ತೆಗೆಯಬೇಕು. ತೆಗೆದ ಮೇಲೆ ನಾನು ಇದನ್ನು ಹಾಡುವಂತಿಲ್ಲ.